ನನಗೆ ನಾನೇ ಕೊಟ್ಟುಕೊಂಡ ಅಂಕ

ಆಷಾಢ ಬಂತೆಂದರೆ ನಮ್ಮ ಕಸುಬಿನವರಿಗೆ ನೊಣ ಹೊಡೆಯುವ ಕಾಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಆದ್ದರಿಂದ ಕರೆಯೋಲೆಯೂ ಇಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ನನ್ನ ಅಂಗಡಿಯ ಶಟರ್ ಅರ್ಧ ಎತ್ತಿದರೆ ಸಾಕು, ಮಳೆಯ ಎರಚಲು ಮೇಜಿನವರೆಗೂ ಬರುತ್ತದೆ. ಬೋರ್ಡಿನಲ್ಲಿ ‘ವಿನ್ಯಾಸ’ ಎಂದು ದೊಡ್ಡದಾಗಿ ಬರೆಸಿದ್ದೇನೆ. ಊರವರ ಬಾಯಲ್ಲಿ ಮಾತ್ರ ಇವತ್ತಿಗೂ ನಾನು ‘ಡಿಟಿಪಿಯವನು’. ಆ ಬಿಡುವಿನ ತಿಂಗಳಲ್ಲಿ ಅಟ್ಟದಿಂದ ಎರಡು ರಟ್ಟಿನ ಪೆಟ್ಟಿಗೆ ಇಳಿಸಿ, ಹಳೆಯ ಕೆಲಸಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂರುತ್ತೇನೆ. ಹೆಂಡತಿ ಇದಕ್ಕೆ ‘ನಿಮ್ಮ ಪಿತೃಪಕ್ಷ’ ಎನ್ನುತ್ತಾಳೆ.

ಇದು ಶುರುವಾದದ್ದು ಒಂದು ಮುಜುಗರದಿಂದ. ಹೊಸ ಗಿರಾಕಿಯೊಬ್ಬರು, ‘ನೀವು ಮಾಡಿದ್ದರಲ್ಲಿ ಒಳ್ಳೆಯದು ಯಾವುದು, ಅದನ್ನು ತೋರಿಸಿ’ ಎಂದರು. ಕಂಪ್ಯೂಟರಿನಲ್ಲಿ ಒಂದೊಂದಾಗಿ ತೆರೆಯುತ್ತ ಹೋದೆ. ಮಾಡಿದ ದಿನ ಎದೆಯುಬ್ಬಿಸಿಕೊಂಡಿದ್ದ ಕೆಲಸಗಳನ್ನು ಬೇರೆಯವರ ಪಕ್ಕದಲ್ಲಿ ಕುಳಿತು ನೋಡುವಾಗ ಬೇಗ ಬೇಗ ಮುಚ್ಚುವಂತಾಯಿತು. ಅಂದಿನಿಂದ ಪ್ರತಿ ಕೆಲಸದ ಒಂದು ಪ್ರತಿ ತೆಗೆದಿಡುತ್ತೇನೆ. ಗಿರಾಕಿಗೆ ಕೊಟ್ಟ ದಿನವೇ ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತೇನೆ. ಯಾರಿಗೆ ಮಾಡಿದ್ದು, ಅದು ಎಲ್ಲಿ ಬಳಕೆಯಾಗಬೇಕು ಎಂದು ಒಂದು ಸಾಲು. ಮರುವರ್ಷ ಮುಂಬದಿಯನ್ನಷ್ಟೇ ನೋಡಿ ಬೇರೆ ಚೀಟಿಯಲ್ಲಿ ಮತ್ತೆ ಅಂಕ ಕೊಟ್ಟು, ಆಮೇಲೆ ತಿರುಗಿಸಿ ನೋಡುತ್ತೇನೆ. ಎರಡೂ ಅಂಕ ಒಂದೇ ಇದ್ದರೆ ಅದರಲ್ಲಿ ನನಗೆ ಕಲಿಯುವಂಥದ್ದು ಏನೂ ಇರುವುದಿಲ್ಲ. ಅಂತರ ದೊಡ್ಡದಿದ್ದರೆ ಅದನ್ನು ಬದಿಗೆ ತೆಗೆದಿಟ್ಟು, ಸಾಧ್ಯವಾದರೆ ಅದು ಈಗ ಇರುವ ಜಾಗಕ್ಕೇ ಹೋಗಿ ನೋಡುತ್ತೇನೆ. ಕಷ್ಟದ ಭಾಗ ಇದೇ, ಬಸ್ ಖರ್ಚು ಬೇರೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ತಪ್ಪು ಬೇರೆ, ಕೆಟ್ಟ ಕೆಲಸ ಬೇರೆ. ಬುಧವಾರದ ಮದುವೆಗೆ ಮಂಗಳವಾರ ಎಂದು 600 ಕರೆಯೋಲೆ ಅಚ್ಚಾಗಿ, ನಾನೂ ಹುಡುಗಿಯ ಸೋದರಮಾವನೂ ರಾತ್ರಿ ಎರಡರವರೆಗೆ ಕುಳಿತು ಚೀಟಿ ಅಂಟಿಸಿದ್ದೇವೆ. ಅದು ತಪ್ಪು, ಅದರ ದಂಡ ಅವತ್ತೇ ತೀರಿತು. ಕೆಟ್ಟ ಕೆಲಸದಲ್ಲಿ ಒಂದೂ ತಪ್ಪಿಲ್ಲದೆ ಇರಬಹುದು, ಗಿರಾಕಿ ಸಂತೋಷದಿಂದ ಹಣ ಕೊಟ್ಟು ಹೋಗಿರಬಹುದು.

ಮೊದಮೊದಲು ನನ್ನ ಕಣ್ಣಿಗೆ ಬೀಳುತ್ತಿದ್ದದ್ದೆಲ್ಲ ಅಕ್ಷರದ ದೋಷಗಳೇ. ಒಂದು ಕವನ ಸಂಕಲನದ ಒಳಪುಟಗಳನ್ನು 12 ಪಾಯಿಂಟ್ ಅಕ್ಷರಕ್ಕೆ ತಂತ್ರಾಂಶ ತಾನಾಗಿ ಕೊಡುವ 14.4 ಪಾಯಿಂಟ್ ಸಾಲಿನ ಅಂತರದಲ್ಲೇ ಬಿಟ್ಟಿದ್ದೆ. ಅದು ಇಂಗ್ಲಿಷ್ ಅಕ್ಷರಗಳ ಅಳತೆ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಮುಂದಿನ ಸಾಲಿನ ಗುಡಿಸು ಮೇಲೆ ಏಳುತ್ತದೆ; ‘ಮಣ್ಣಿನ’ ಎಂಬಲ್ಲಿನ ಣಕಾರದ ಒತ್ತು ಕೆಳಗಿನ ಸಾಲಿನ ‘ಕಿ’ಯ ತಲೆಗೆ ಕುಟ್ಟುತ್ತಿತ್ತು. ಈಗ 18ಕ್ಕಿಂತ ಕಡಿಮೆ ಕೊಡುವುದಿಲ್ಲ. ‘ನುಡಿ’ ತಂತ್ರಾಂಶದಲ್ಲಿ ಟೈಪಾದ ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತು ಜಾಗ ತಪ್ಪುವುದು, ‘ಕಾರ್ಯ’ ಏನೇನೋ ಆಗುವುದು, ಇವೆಲ್ಲವೂ ಪೆಟ್ಟಿಗೆಯಲ್ಲಿವೆ. ಇವುಗಳಿಂದ ಕಲಿತೆ, ನಿಜ. ಆದರೆ ಇಂಥ ದೋಷ ಹುಡುಕುವುದರಲ್ಲಿ ಒಂದು ಜಾಣತನವಿದೆ: ಸಣ್ಣದನ್ನು ಒಪ್ಪಿಕೊಂಡರೆ ದೊಡ್ಡದನ್ನು ನೋಡದೆ ದಾಟಬಹುದು. ನಾಲ್ಕೈದು ಆಷಾಢ ನಾನು ಹಾಗೆಯೇ ದಾಟಿದೆ.

ದೊಡ್ಡದು ಒಂದು ಹೋಂಸ್ಟೇ ಕೆಲಸ. ಹೆಸರು, ಊರು ಬೇಡ. ಸಾಗರದ ಕಡೆಯದು ಎಂದರೆ ಸಾಕು. ಲಾಂಛನ, ಮಡಿಕೆ ಪತ್ರ, ಊಟದ ಮೇಜಿನ ಹಾಳೆ, ಕೋಣೆಗಳ ಬಾಗಿಲಿಗೆ ಅಂಟಿಸುವ ಚಿತ್ರ ಎಲ್ಲವೂ ಬೇಕಾಗಿತ್ತು. ‘ಮಲೆನಾಡು ಅನ್ನಿಸಬೇಕು’ ಎಂಬುದೊಂದೇ ಮಾಲೀಕರ ಷರತ್ತು. ನಾನು ಹಸೆ ಚಿತ್ತಾರ ಹಿಡಿದೆ, ನಮ್ಮ ಕಡೆಯ ದೀವರ ಸಮುದಾಯದವರು ಗೋಡೆ, ಬುಟ್ಟಿಗಳ ಮೇಲೆ ಬರೆಯುವ ಚಿತ್ರ. ನನ್ನ ಊರೂ ಅದೇ ತಾಲ್ಲೂಕು. ಭೂಮಿ ಹುಣ್ಣಿಮೆಗೆ ದೀವರ ಮನೆಗಳಲ್ಲಿ, ಗದ್ದೆಗೆ ನೈವೇದ್ಯ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆಯುವುದನ್ನು ಹುಡುಗನಾಗಿದ್ದಾಗಲೇ ನೋಡಿದ್ದೆ. ಕಪ್ಪಿಗೆ ಹುರಿದು ಕರಿಕಾದ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕುಂಚಕ್ಕೆ ಪುಂಡಿ ನಾರು. ಇಷ್ಟೆಲ್ಲ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದೇನೆಂದರೆ, ಮದುವೆ ಮನೆಯೊಂದರ ಹಸೆ ಗೋಡೆಯ ಫೋಟೋ ತರಿಸಿ, ಕೋರೆಲ್ ಡ್ರಾದಲ್ಲಿ ಅದರ ಕಾಲು ಭಾಗವನ್ನಷ್ಟೇ ಗೆರೆ ಎಳೆದು, ಉಳಿದ ಮೂರು ಭಾಗವನ್ನು ಕನ್ನಡಿ ಬಿಂಬದಂತೆ ಮಗುಚಿ ಜೋಡಿಸಿದೆ. ಎಲ್ಲ ಗೆರೆಗೂ ಒಂದೇ ದಪ್ಪ. ಎರಡು ದಿನದಲ್ಲಿ ಮುಗಿಯಿತು. ಅಚ್ಚಾಗಿ ಬಂದಾಗ ನನಗೇ ಪುಳಕವಾಗಿತ್ತು. ಹಿಂದೆ 9 ಎಂದು ಬರೆದೆ. ಹತ್ತು ಕೊಡದಿದ್ದದ್ದು ವಿನಯಕ್ಕೆ.

ವರ್ಷದ ಮೇಲೆ ಅಲ್ಲಿಗೆ ಹೋದೆ. ಅಡುಗೆಮನೆಯ ಕೆಲಸಕ್ಕೆ ಬರುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಈ ಚಿತ್ರ ಮಾಡಿದವನು ನಾನೇ ಎಂದು ಮಾಲೀಕರು ಪರಿಚಯಿಸಿದಾಗ ಕೈ ಒರೆಸಿಕೊಂಡು ಎದ್ದು ಬಂದರು. ಹೊಗಳುತ್ತಾರೆ ಎಂದುಕೊಂಡೆ.

‘ಇದು ಹಸೆ ಗೋಡೆಯದ್ದಲ್ಲವಾ ತಮ್ಮಾ?’

‘ಹೌದಮ್ಮಾ.’

‘ಮದುಮಕ್ಕಳನ್ನು ಕೂರಿಸುವ ಜಾಗದ್ದು. ಬಚ್ಚಲ ಬಾಗಿಲಿಗೆ ಯಾಕೆ ಹಾಕಿದಿರಿ?’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದೆ ಕೇಳಿದ ಹಾಗೆ, ಏನೋ ಕಾರಣ ಇದ್ದೀತು ಎಂಬ ಹಾಗೆ ಕೇಳಿದರು. ನನ್ನ ಬಳಿ ಕಾರಣ ಇರಲಿಲ್ಲ. ಬಾಗಿಲಿನ ಅಗಲಕ್ಕೆ ಚೌಕಟ್ಟು ಸರಿಯಾಗಿ ಹೊಂದಿತ್ತು, ಅಷ್ಟೇ. ಆಮೇಲೆ ಅವರು ಬೆರಳಿನಿಂದ ಒಂದು ಗೆರೆ ಸವರಿ, ‘ಇದನ್ನು ಯಾರು ಬರೆದದ್ದು?’ ಎಂದರು. ಕಂಪ್ಯೂಟರಿನಲ್ಲಿ ಎಂದೆ. ‘ಹಾಗೇ ಕಾಣುತ್ತದೆ’ ಎಂದು ಒಳಗೆ ಹೋದರು.

ಆ ವರ್ಷದ ಭೂಮಿ ಹುಣ್ಣಿಮೆಯ ಮುನ್ನಾ ದಿನಗಳಲ್ಲಿ ಕೇಳಿಕೊಂಡು ಅವರ ಮನೆಗೆ ಹೋಗಿದ್ದೆ. ಸೊಸೆ ಬುಟ್ಟಿ ಬರೆಯುತ್ತಿದ್ದಳು. ನಾರನ್ನು ಬಣ್ಣಕ್ಕೆ ಅದ್ದಿ ಇಟ್ಟಲ್ಲಿ ಗೆರೆ ದಟ್ಟ. ಎಳೆಯುತ್ತ ಹೋದಂತೆ ತೆಳುವಾಗಿ, ಇನ್ನೇನು ಮುಗಿಯಿತು ಎನ್ನುವಲ್ಲಿ ಮತ್ತೆ ಅದ್ದುತ್ತಾಳೆ. ಬುಟ್ಟಿಯ ಉಬ್ಬು ಎಲ್ಲಿ ತಿರುಗುತ್ತದೋ ಅಲ್ಲಿ ಗೆರೆಯೂ ಸ್ವಲ್ಪ ಓರೆಯಾಗುತ್ತದೆ, ಪಕ್ಕದ ಗೆರೆ ಅದನ್ನು ಸರಿದೂಗಿಸುತ್ತದೆ. ಎಡ ಬಲ ಒಂದೇ ಎಂದು ನಾನು ಅಂದುಕೊಂಡಿದ್ದದ್ದು ಒಂದೇ ಆಗಿರಲಿಲ್ಲ. ನನ್ನ ಮಗುಚಿದ ಚಿತ್ತಾರ ಸತ್ತ ಹಾಗೆ ಯಾಕೆ ಕಾಣುತ್ತದೆ ಎಂಬುದು ಅಲ್ಲಿ, ಆ ಜಗಲಿಯಲ್ಲಿ, ಕಣ್ಣಿಗೆ ಬಿತ್ತು. ಆದರೆ ಗೆರೆಯ ದಪ್ಪ ಸರಿಪಡಿಸಿದ್ದರೆ ಬಚ್ಚಲ ಬಾಗಿಲು ಸರಿಯಾಗುತ್ತಿತ್ತೇ? ಬರೆಯುವವರು ಎರಡು ಮೈಲಿ ದೂರದಲ್ಲಿದ್ದರು, ಅವರಲ್ಲೊಬ್ಬರು ಅದೇ ಮನೆಯ ಪಾತ್ರೆ ತೊಳೆಯುತ್ತಿದ್ದರು. ನಾನು ಯಾರನ್ನೂ ಕೇಳಲಿಲ್ಲ, ಯಾರಿಗೂ ಕೆಲಸ ಕೊಡಲಿಲ್ಲ, ಹಣ ನಾನು ತೆಗೆದುಕೊಂಡೆ. ಅಕ್ಷರದ ದೋಷದ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ.

ಬಾಗಿಲಿನ ಚಿತ್ರ ತೆಗೆಸಿ, ನನ್ನ ಖರ್ಚಿನಲ್ಲಿ ಬೇರೆ ಮಾಡಿಕೊಡುತ್ತೇನೆ ಎಂದು ಮಾಲೀಕರಿಗೆ ಹೇಳಿದೆ. ‘ಬೇಡ ಮಾರಾಯರೇ, ಬಂದವರೆಲ್ಲ ಅದರ ಎದುರೇ ಫೋಟೋ ತೆಗೆಸಿಕೊಳ್ಳುವುದು’ ಎಂದರು. ಅದು ಇನ್ನೂ ಅಲ್ಲೇ ಇದೆ. ಈಗ ನಾನು ಅದಕ್ಕೆ ಕೊಡುವ ಅಂಕ 2. ಆ ಎರಡು ಕಾಗದದ ಗುಣಮಟ್ಟಕ್ಕೆ.

ಅಂತರದ ಇನ್ನೊಂದು ತುದಿಯಲ್ಲಿರುವುದು ತೀರ್ಥಹಳ್ಳಿ ಕಡೆಯ ಬೆಳೆಗಾರರ ಗುಂಪೊಂದಕ್ಕೆ ಮಾಡಿದ ಬೋರ್ಡೋ ದ್ರಾವಣದ ಹಾಳೆ. ಅಡಿಕೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ: ಮಳೆಗಾಲದಲ್ಲಿ ಎಳೆಯ ಅಡಿಕೆ ಉದುರಿಸುವ ಕೊಳೆರೋಗಕ್ಕೆ ನಮ್ಮಲ್ಲಿ ಹೊಡೆಯುವ ಔಷಧಿ ಅದು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ್ದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಮೇಲೆ ವರದಿ ಬರೆದಿದ್ದರು. ಶೇಕಡಾ 1ರ ದ್ರಾವಣಕ್ಕೆ ಲೆಕ್ಕ ಸರಳ: 1 ಕೆಜಿ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಬೇರೆ ಬೇರೆ ಕರಗಿಸಿ ಸೇರಿಸಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ತಿರುಗಾಮುರುಗಾ ಆಗಬಾರದು. ಹೊಳೆಯುವ ಚಾಕು ಅದ್ದಿ ನೋಡಿದಾಗ ಅಲಗಿಗೆ ಕೆಂಪು ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಬೇಕು. ಕಬ್ಬಿಣದ ಪಾತ್ರೆ ಬೇಡ. ಕಲಸಿದ್ದನ್ನು ಅಂದೇ ಮುಗಿಸಬೇಕು.

ಮೊದಲ ಸಲ ನಾನು ಮಾಡಿಕೊಟ್ಟದ್ದು ಭರ್ಜರಿ ಭಿತ್ತಿಪತ್ರ. 170 ಜಿಎಸ್‌ಎಂ ಆರ್ಟ್ ಕಾಗದ, ಹಿನ್ನೆಲೆಗೆ ಮಂಜು ಕವಿದ ತೋಟದ ಫೋಟೋ, ಕಡು ಹಸಿರಿನ ಮೇಲೆ ಕೆಂಪು ಶೀರ್ಷಿಕೆ, ಸುತ್ತ ಅಡಿಕೆ ಹಿಂಗಾರದ ಅಂಚು. ಎಂಟು ಅಂಕ ಕೊಟ್ಟುಕೊಂಡಿದ್ದೆ. ಆ ಮಳೆಗಾಲದಲ್ಲೇ ಒಬ್ಬ ಭಟ್ಟರ ಮನೆಗೆ ಹೋದಾಗ ಅದು ಪಡಸಾಲೆಯಲ್ಲಿ, ದೇವರ ಕ್ಯಾಲೆಂಡರಿನ ಪಕ್ಕದಲ್ಲಿ, ಒಂದು ಕಲೆಯಿಲ್ಲದೆ ತೂಗುತ್ತಿತ್ತು. ಔಷಧಿ ಕಲಸುವುದು ಹಿಂದಿನ ಕೊಟ್ಟಿಗೆಯ ಮಾಡಿನಲ್ಲಿ. ‘ಅಲ್ಲಿ ಹಾಕಿದರೆ ಹಾಳಾಗುತ್ತದೆ, ಚೆನ್ನಾಗಿದೆಯಲ್ಲ, ಅದಕ್ಕೆ ಒಳಗೆ ಹಾಕಿದೆವು’ ಎಂದರು ಭಟ್ಟರು. ಇಂಥ ಹೊಗಳಿಕೆ ಯಾವ ಕಸುಬಿನವನಿಗೂ ಬರದಿರಲಿ.

ಅವತ್ತು ಸಂಜೆಯವರೆಗೆ ಆ ಮಾಡಿನಲ್ಲೇ ಕುಳಿತೆ. ಜುಲೈ ತಿಂಗಳ ಮಧ್ಯಾಹ್ನ ಮೂರು ಗಂಟೆಗೇ ದೀಪ ಹಾಕುವಷ್ಟು ಕತ್ತಲು. ಕಲಸುತ್ತಿದ್ದ ಇಬ್ಬರ ಕೈಯೂ ಮೊಣಕೈವರೆಗೆ ನೀಲಿ. ಗೋಡೆಗೂ ಅವರಿಗೂ ಎರಡು ಮಾರು ದೂರ. ನನ್ನ ಭಿತ್ತಿಪತ್ರವನ್ನು ತರಿಸಿ ಅಲ್ಲಿ ಹಿಡಿದು ನೋಡಿದರೆ ಹಸಿರಿನ ಮೇಲಿನ ಕೆಂಪು ಅಕ್ಷರ ಬರೀ ಕಪ್ಪು ಮಸಿಯಾಗಿತ್ತು. ಹೋಗಲಿ, ಎರಡು ಪೀಪಾಯಿಗಳ ನಡುವೆ ನಾನು ಬರೆದಿದ್ದ ಬಾಣ ಚಂದಕ್ಕೆಂದು ಬಾಗಿ ಬಾಗಿ ಹೋಗಿ, ಯಾವುದರಿಂದ ಯಾವುದಕ್ಕೆ ಎಂದು ನನಗೇ ಹೇಳಲಾಗಲಿಲ್ಲ. ಆ ಹಾಳೆಯಲ್ಲಿ ತಿಳಿಯಲೇಬೇಕಾಗಿದ್ದ ಸಂಗತಿ ಅದೊಂದೇ ಆಗಿತ್ತು.

ಎರಡನೆಯದನ್ನು ಬಿಳಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ, ಕಪ್ಪು ಮತ್ತು ನೀಲಿ ಎರಡೇ ಬಣ್ಣದಲ್ಲಿ ಮಾಡಿದೆ. ಪ್ಲಾಸ್ಟಿಕ್ ಬಳಸಲು ಮನಸ್ಸಿರಲಿಲ್ಲ, ಆದರೆ ಆ ಎರಚಲಿಗೆ ಬೇರೇನೂ ನಿಲ್ಲುವುದಿಲ್ಲ. ಬಾಣ ತೆಗೆದುಹಾಕಿ, ಬಿಳಿ ಪೀಪಾಯಿಯೊಳಕ್ಕೆ ನೀಲಿ ಬಕೆಟ್ಟು ಬಗ್ಗಿಸುತ್ತಿರುವ ಒಂದು ಕೈ ಬರೆದೆ. ಕೆಳಗೆ ‘ಸುಣ್ಣದ ನೀರಿಗೆ ತುತ್ತದ ನೀರು’ ಎಂದು ಅಂಗೈ ಎತ್ತರದ ಅಕ್ಷರ. ಒಂದು ಚಾಕು. ಮೇಲೆ ಎರಡು ತೂತು, ತಂತಿಗೆ. ನೋಡಲು ಬಸ್ ನಿಲ್ದಾಣದ ಶೌಚಾಲಯದ ಫಲಕದಂತಿತ್ತು. ಕಾಗದದ ಪ್ರೂಫಿನ ಹಿಂದೆ 4 ಎಂದು ಬರೆದೆ, ಮೂಲೆಯಲ್ಲಿ ಅಂಗಡಿಯ ಹೆಸರು ಹಾಕಿಸಲಿಲ್ಲ. ಗುಂಪಿನ ಕಾರ್ಯದರ್ಶಿಯವರು, ‘ಮೊದಲಿನದ್ದು ಚೆನ್ನಾಗಿತ್ತಲ್ಲ’ ಎಂದು ಮುಖ ಸಪ್ಪಗೆ ಮಾಡಿಕೊಂಡು ಹಣ ಎಣಿಸಿದರು.

ಮೂರು ಮಳೆಗಾಲದ ನಂತರ ಮತ್ತೆ ಅದೇ ಮನೆ. ಹಾಳೆ ಮಾಡಿನ ಕಂಬದಲ್ಲಿತ್ತು. ಸುಣ್ಣದ ಬೆರಳಚ್ಚು, ನೀಲಿ ಹನಿ, ಒಂದು ಮೂಲೆ ಇಲಿ ಕಡಿದಿತ್ತು; ಬಗ್ಗಿಸುವ ಕೈ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಹೊಸದಾಗಿ ಬಂದ ಹುಡುಗನೊಬ್ಬ ಅದನ್ನು ಒಮ್ಮೆ ನೋಡಿ ಯಾರನ್ನೂ ಕೇಳದೆ ಬಕೆಟ್ಟು ಎತ್ತಿದ. ನಾನು ಸುಮ್ಮನೆ ನಿಂತು ನೋಡಿದೆ. ಆಗ ಕಣ್ಣಿಗೆ ಬಿದ್ದದ್ದು, ನನ್ನ ‘1 ಕೆಜಿ, 1 ಕೆಜಿ, 100 ಲೀಟರ್’ ಸಾಲಿನ ಮೇಲೆ ಯಾರೋ ಮಾರ್ಕರ್ ಪೆನ್ನಿನಿಂದ ಅಡ್ಡ ಗೀಟು ಎಳೆದು ‘ಬ್ಯಾರಲ್ 200. ಎರಡೆರಡು ಕೆಜಿ’ ಎಂದು ಬರೆದಿದ್ದರು. ಅಲ್ಲಿ ಎಲ್ಲರ ಮನೆಯಲ್ಲೂ ಇರುವುದು 200 ಲೀಟರಿನ ಬ್ಯಾರಲ್. ಇಡೀ ಮಧ್ಯಾಹ್ನ ಅದರ ಪಕ್ಕದಲ್ಲೇ ಕುಳಿತಿದ್ದೆ, ಪುಸ್ತಕದ ಲೆಕ್ಕವನ್ನೇ ಅಚ್ಚು ಹಾಕಿಸಿದ್ದೆ.

‘ಇದನ್ನು ಮೊದಲೇ ಹಾಕಬಹುದಿತ್ತಲ್ಲ’ ಎಂದರು ಭಟ್ಟರು.

ಮರುಮುದ್ರಣದಲ್ಲಿ ಎರಡೂ ಲೆಕ್ಕ ಇವೆ, 200 ಮೇಲೆ, 100 ಕೆಳಗೆ. ಹೊಸ ಹಾಳೆಯನ್ನು ಕೊಟ್ಟು ಆ ಹಳೆಯದನ್ನು ಕೇಳಿ ತಂದೆ. ಸುಣ್ಣ, ಇಲಿ ಕಡಿತ, ಮಾರ್ಕರ್ ಗೀಟು ಸಮೇತ ಪೆಟ್ಟಿಗೆಯಲ್ಲಿದೆ. ಈ ಆಷಾಢದಲ್ಲಿ ಅದರ ಹಿಂಬದಿಗೆ ಅಂಕ ಹಾಕಲು ಕುಳಿತೆ. ಪ್ಲಾಸ್ಟಿಕ್ಕಿಗೆ ಪೆನ್ಸಿಲ್ ಹತ್ತಲಿಲ್ಲ.