ಸ್ಲೀವ್ ಸರ್ಜರಿಗೆ ಮೊದಲು ಇಸಿಜಿ ಕೈಕೊಟ್ಟಾಗ: ನನ್ನ ಅನುಭವ

ತೂಕ 112 ಕೆ.ಜಿ., ಎತ್ತರ 158 ಸೆಂ.ಮೀ. ಬಿಎಂಐ ಸುಮಾರು 45. ಆರು ವರ್ಷದಿಂದ ಶುಗರ್. ತೂಕ ಇಳಿಸಲು ಹೊಟ್ಟೆಯ ಚೀಲವನ್ನೇ ಚಿಕ್ಕದು ಮಾಡುವ ಸ್ಲೀವ್ ಸರ್ಜರಿಗೆ ಮನೆಯವರನ್ನೂ ಒಪ್ಪಿಸಿ ಆಗಿತ್ತು. ಉಳಿದದ್ದು ಹಾರ್ಟಿನ ಫಿಟ್‌ನೆಸ್ ಮಾತ್ರ. ಅದು ಸುಮ್ನೆ ಒಂದು ಶಾಸ್ತ್ರ ಅಂದುಕೊಂಡಿದ್ದೆ.

ಉಡುಪಿಯ ಒಂದು ಲ್ಯಾಬಿನಲ್ಲಿ ಇಸಿಜಿ ಮಾಡಿಸಿದೆ. ಗುಲಾಬಿ ಚೌಕಳಿಯ ಆ ಕಾಗದದ ಮೇಲ್ಗಡೆ ಮೆಷಿನ್ನೇ ಬರೆದುಬಿಟ್ಟಿತ್ತು: ಅಬ್‌ನಾರ್ಮಲ್, ಹಿಂದೆ ಹಾರ್ಟ್ ಅಟ್ಯಾಕ್ ಆಗಿರಬಹುದು. ಕೊಟ್ಟವರು "ಬ್ಲಾಕ್ ಇದ್ದ ಹಾಗೆ ಉಂಟು" ಅಂದರು. ನನ್ನ ಅಪ್ಪ 52ಕ್ಕೆ ಹಾರ್ಟ್ ಅಟ್ಯಾಕಿನಲ್ಲಿ ಹೋದವರು. ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತುಬಿಟ್ಟೆ.

ಗುರುತಿನವರೊಬ್ಬರು, ಬೇರೆ ಕಡೆ ಮಾಡಿಸಿ ಒಳ್ಳೆಯದು ಬಂದರೆ ಅದನ್ನೇ ತೋರಿಸು ಅಂದರು. ನನಗೆ ಮನಸ್ಸು ಬರಲಿಲ್ಲ. ಅನಸ್ತೇಷಿಯಾ ಕೊಡುವವರಿಗೆ ಗೊತ್ತಿರಬೇಕಾದದ್ದನ್ನು ಮುಚ್ಚಿಟ್ಟು ಟೇಬಲ್ ಮೇಲೆ ಮಲಗುವುದು ಹೇಗೆ? ಅದೇ ಕಾಗದ ಹಿಡಿದುಕೊಂಡು ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರಿಗೆ ಹೋದೆ.

ಹಾರ್ಟಿನ ಡಾಕ್ಟರು ಮೊದಲು ಇಸಿಜಿಯನ್ನೇ ಮತ್ತೆ ಮಾಡಿಸಿದರು. ಈ ಸಲ ಸಿಸ್ಟರ್ ಬೆರಳಿನಿಂದ ಒತ್ತಿ ಒತ್ತಿ ಪಕ್ಕೆಲುಬು ಎಣಿಸಿದರು. ನಾಲ್ಕನೆಯ ಸಂದಿಯಲ್ಲಿ ಎದೆಮೂಳೆಯ ಆಚೆ ಒಂದು ಲೀಡ್ (ಎದೆಗೆ ಅಂಟಿಸುವ ತಂತಿಯ ಬಿಲ್ಲೆ), ಈಚೆ ಒಂದು. ಉಳಿದವನ್ನು ಸ್ತನ ಎತ್ತಿ ಅದರ ಕೆಳಗೆ ಅಂಟಿಸಿದರು. ಮೊದಲ ಸಲ ಎಲ್ಲವನ್ನೂ ಮೇಲೆ ಮೇಲೆಯೇ ಅಂಟಿಸಿದ್ದರು. ಲೀಡ್ ಜಾಗ ಒಂದು ಸಂದಿ ಮೇಲೆ ಹೋದರೂ ಹಳೆಯ ಅಟ್ಯಾಕಿನ ಹಾಗೆ ಕಾಣಬಹುದು. ದಪ್ಪ ಇದ್ದವರಲ್ಲಿ ಎದೆಯ ಕೊಬ್ಬೂ ಗೆರೆಯನ್ನು ಗಿಡ್ಡ ಮಾಡುತ್ತದೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ಹೊಸ ಕಾಗದದಲ್ಲಿ ಅಟ್ಯಾಕಿನ ಮಾತೇ ಇರಲಿಲ್ಲ. ಆದರೆ ಎರಡು ಮೂರು ಕಡೆ ಟಿ ಅಲೆ, ಅಂದರೆ ಪ್ರತಿ ಬಡಿತದ ಗೆರೆಯ ಕೊನೆಗೆ ಬರುವ ಉಬ್ಬು, ತಲೆಕೆಳಗಾಗಿಯೇ ಇತ್ತು. ಅದಕ್ಕೇ ಅವರು ಅಲ್ಲಿಗೆ ಬಿಡಲಿಲ್ಲ.

ಎಕೋದಲ್ಲಿ (ಹಾರ್ಟಿನ ಸ್ಕ್ಯಾನ್) ಪಂಪಿಂಗ್ 60 ಪರ್ಸೆಂಟ್, ಸರಿ ಇತ್ತು. ಟಿಎಂಟಿ, ಅಂದರೆ ಓಡುವ ಬೆಲ್ಟಿನ ಮೇಲೆ ನಡೆಸಿ ಇಸಿಜಿ ನೋಡುವ ಟೆಸ್ಟ್, ಮಾತ್ರ ನನ್ನಿಂದ ಆಗಲಿಲ್ಲ. 220ರಲ್ಲಿ ನನ್ನ ವಯಸ್ಸು 43 ಕಳೆದು, ಅದರ 85 ಪರ್ಸೆಂಟ್, ಅಂದರೆ ಸುಮಾರು 150 ಬಡಿತ ಮುಟ್ಟಬೇಕು. ಮೂರು ನಿಮಿಷಕ್ಕೊಮ್ಮೆ ಬೆಲ್ಟಿನ ವೇಗವೂ ಏರುತ್ತದೆ, ಏರುದಾರಿಯೂ ಜಾಸ್ತಿಯಾಗುತ್ತದೆ. ಐದನೇ ನಿಮಿಷಕ್ಕೆ ಮಂಡಿ ಸೋತಿತು. ಬಡಿತ 132ರಲ್ಲೇ ಇತ್ತು. ಹೀಗಾದರೆ ಬ್ಲಾಕ್ ಉಂಟು ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು.

ಆಮೇಲೆ ಸಿಟಿ ಆಂಜಿಯೋ, ಅಂದರೆ ಡೈ ಕೊಟ್ಟು ಹಾರ್ಟಿನ ರಕ್ತನಾಳಗಳನ್ನು ನೋಡುವ ಸ್ಕ್ಯಾನ್. ಇದಕ್ಕೆ ನಾನು ತುಂಬಾ ಹೆದರಿದ್ದೆ, ಹೆದರಬೇಕಾಗಿರಲಿಲ್ಲ. ಕೈಯ ನರಕ್ಕೆ ಒಂದು ಸೂಜಿ, ಅಷ್ಟೇ. ಡೈ ಕೊಡುವುದರಿಂದ ಮೊದಲೇ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿದರು. ನೀವು ಶುಗರ್ ಮಾತ್ರೆ ತಗೊಳ್ಳುವವರಾದರೆ ಮುಂಚೆಯೇ ಹೇಳಿ. ಬಡಿತ 60ರ ಹತ್ತಿರ ಇಳಿಯದಿದ್ದರೆ ಚಿತ್ರ ಮಸುಕಾಗುತ್ತದೆ, ಹಾಗಾಗಿ ಕಾಫಿ ಬಂದ್, ಬಡಿತ ಇಳಿಸುವ ಮಾತ್ರೆ. ನಾಲಿಗೆ ಕೆಳಗೆ ಇನ್ನೊಂದು. ಡೈ ಹೋಗುವಾಗ ಗಂಟಲಿಂದ ಕೆಳಹೊಟ್ಟೆವರೆಗೆ ಬಿಸಿ ಹರಿಯಿತು. ಮೂತ್ರ ಹೋಗಿಯೇ ಬಿಟ್ಟಿತು ಅನ್ನಿಸುತ್ತದೆ. ಹೋಗಿರುವುದಿಲ್ಲ, ಗಾಬರಿ ಬೇಡ.

ಒಂದು ರಕ್ತನಾಳದಲ್ಲಿ ಸುಮಾರು 30 ಪರ್ಸೆಂಟ್ ಕೊಬ್ಬು ಕಟ್ಟಿತ್ತು. ಸ್ಟೆಂಟ್ ಬೇಡ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಸಾಕು ಅಂದರು. ಅಷ್ಟು ದಿನದಲ್ಲಿ ಮೊದಲ ಬಾರಿ ಉಸಿರು ಪೂರ್ತಿ ಬಿಟ್ಟೆ. ಗೊರಕೆಯ ಬಗ್ಗೆ ಕೇಳಿ ಸ್ಲೀಪ್ ಟೆಸ್ಟನ್ನೂ ಬರೆದರು. ನಿದ್ದೆಯಲ್ಲಿ ಉಸಿರು ನಿಲ್ಲುತ್ತಿದ್ದದ್ದು ಆಗ ಗೊತ್ತಾಯಿತು. ಮಲಗಿದಾಗ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಮಾಸ್ಕ್ ಅಭ್ಯಾಸವಾಗಲಿ ಅಂತ ಸರ್ಜರಿ ಆರು ವಾರ ಮುಂದೆ ಹೋಯಿತು. ಆಗ ಬೇಜಾರಾಗಿತ್ತು. ಸರ್ಜರಿಯಾದ ರಾತ್ರಿ ಅದೇ ಮಾಸ್ಕ್ ಹಾಕಿ ಮಲಗಿದಾಗ, ಕಾದದ್ದು ಒಳ್ಳೆಯದೇ ಆಯಿತು ಅನ್ನಿಸಿತು.

ಎರಡೂ ಇಸಿಜಿ ನನ್ನ ಫೈಲಿನಲ್ಲಿವೆ. ಶಾಖಕ್ಕೆ ಅಕ್ಷರ ಮಾಸುತ್ತದೆ ಅಂತ ಜೆರಾಕ್ಸ್ ಮಾಡಿಸಿಟ್ಟಿದ್ದೇನೆ. ಟಿ ಅಲೆ ಈಗಲೂ ತಲೆಕೆಳಗೇ ಇದೆ. ಎಲ್ಲೇ ಇಸಿಜಿ ಮಾಡಿಸಿದರೂ ಹಳೆಯದನ್ನು ಪಕ್ಕದಲ್ಲಿ ಇಡುತ್ತೇನೆ. ಇದು ಹೊಸದಲ್ಲ ಅಂತ ಡಾಕ್ಟರಿಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.