ಸ್ಕೂಲ್ ಡಿಸ್ಟ್ರಿಕ್ಟ್ ಕಾಂಟ್ರ್ಯಾಕ್ಟ್: ನಮ್ಮ ಒಳ್ಳೆತನವೇ ಅಡ್ಡ ಬರುವ ಜಾಗ

ಕ್ಯಾಲಿಫೋರ್ನಿಯಾಕ್ಕೆ ಬಂದು ಸ್ವಂತ ಕೆಲಸ ಶುರು ಮಾಡಬೇಕು ಅಂತ ಹೊರಟ ನಮ್ಮವರು ಮೊದಲು ದೊಡ್ಡ ದೊಡ್ಡ ಐಟಿ ಕಂಪನಿಗಳ ಬಾಗಿಲು ತಟ್ಟುತ್ತಾರೆ. ಮನೆ ಹತ್ತಿರದ ಪಬ್ಲಿಕ್ ಶಾಲೆ ಯಾರಿಗೂ ನೆನಪಾಗುವುದಿಲ್ಲ. ಶಾಲೆ ಅಂದ್ರೆ ಬೆಳಿಗ್ಗೆ ಮಕ್ಕಳನ್ನು ಇಳಿಸಿ ಬರುವ ಜಾಗ, ಅಷ್ಟೇ. ಆದರೆ ಆ ಶಾಲೆಗೆ ವೈಫೈ ಹಾಕಿದವರು ಯಾರೋ ಇದ್ದಾರೆ. ಬ್ಯಾನರ್ ಪ್ರಿಂಟ್ ಮಾಡಿಕೊಟ್ಟವರು, ಸಂಜೆ ಚೆಸ್ ಕಲಿಸುವವರು, ತರಕಾರಿ ಪೂರೈಸುವವರು, ಎಲ್ಲರಿಗೂ ಆ ಭಾಗದ ಪಬ್ಲಿಕ್ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಕಚೇರಿಯಿಂದಲೇ ದುಡ್ಡು ಹೋಗುತ್ತದೆ. ನಾನು ಬೇ ಏರಿಯಾದಲ್ಲಿ ಕೇಬಲ್ ಎಳೆದು ವೈಫೈ ಹಾಕುವ ಸಣ್ಣ ಕಂಪನಿ ನಡೆಸುತ್ತೇನೆ. ಲೆಕ್ಕಪತ್ರ ಹೆಂಡತಿಯದು. ನಮ್ಮ ಅರ್ಧಕ್ಕಿಂತ ಜಾಸ್ತಿ ಕೆಲಸ ಶಾಲೆಗಳದ್ದೇ.

ಕಾಗದಪತ್ರದ ವಿಷಯ ಬೇಗ ಮುಗಿಸಿಬಿಡುತ್ತೇನೆ. ಕೇಬಲ್ ಕೆಲಸಕ್ಕೆ ರಾಜ್ಯದ ಸಿ-7 ಲೈಸೆನ್ಸ್ ಬೇಕು. ಅದಕ್ಕೆ ನಾಲ್ಕು ವರ್ಷದ ಅನುಭವ ತೋರಿಸಿ ಪರೀಕ್ಷೆ ಬರೆಯಬೇಕು. ಕಾರ್ಮಿಕ ಇಲಾಖೆಯಲ್ಲಿ, ಅಂದರೆ ಡಿಐಆರ್‌ನಲ್ಲಿ, ನೋಂದಣಿ. ಡಿಸ್ಟ್ರಿಕ್ಟ್ ಹೆಸರೂ ಸೇರಿದ ಇನ್ಶೂರೆನ್ಸ್ ಸರ್ಟಿಫಿಕೇಟ್. ಮಕ್ಕಳಿರುವ ಹೊತ್ತಲ್ಲಿ ಕೆಲಸ ಮಾಡುವವರಿಗೆ ಲೈವ್ ಸ್ಕ್ಯಾನ್ ಬೆರಳಚ್ಚು. ಇ-ರೇಟ್, ಅಂದರೆ ಶಾಲೆಗಳ ಇಂಟರ್ನೆಟ್‌ಗೆ ಸಿಗುವ ನೆರವಿನ ಯೋಜನೆ, ಅದರ ಕೆಲಸ ಬೇಕಾದರೆ ಸ್ಪಿನ್ ಎಂಬ ಗುರುತಿನ ನಂಬರ್. ಎಚ್-1ಬಿ ವೀಸಾದಲ್ಲಿರುವವರು ಸ್ವಂತ ಕಂಪನಿಗೆ ಕೈ ಹಾಕುವ ಮೊದಲು ವಕೀಲರನ್ನು ಕೇಳಿ. ಸಂಗಾತಿಗೆ ಎಚ್-4 ಇಎಡಿ, ಅಂದರೆ ಕೆಲಸದ ಪರವಾನಗಿ, ಇದ್ದರೆ ದಾರಿ ಸ್ವಲ್ಪ ಸಲೀಸು. ಮುಗೀತು.

ಇನ್ನು ಯಾರೂ ಹೇಳಿಕೊಡದ ವಿಷಯ. ನಮ್ಮವರು ಇಲ್ಲಿ ಬುದ್ಧಿ ಸಾಲದೆ ಸೋಲುವುದಿಲ್ಲ, ಅಥವಾ ಮೋಸ ಮಾಡಿ ಸಿಕ್ಕಿಬೀಳುವುದೂ ಇಲ್ಲ. ಮನೆಯಲ್ಲಿ ಕಲಿತ ಒಳ್ಳೆ ಅಭ್ಯಾಸಗಳೇ ಕಾಲಿಗೆ ತೊಡರುತ್ತವೆ.

ಹೆಡ್‌ಮಾಸ್ಟರ ಮಾತಿನಿಂದಲೇ ಶುರು ಮಾಡೋಣ. ಊರಲ್ಲಿ ಹೆಡ್‌ಮಾಸ್ಟರು ಹೇಳಿದರೆ ಮುಗೀತು, ಅದೇ ಆರ್ಡರ್. ಆ ನಂಬಿಕೆಯಲ್ಲೇ ನಾನು ಒಂದು ಶಾಲೆಯ ಪ್ರಿನ್ಸಿಪಾಲ್ "ಲೈಬ್ರರಿಯಲ್ಲಿ ನೆಟ್ ಬರ್ತಿಲ್ಲ, ದಯವಿಟ್ಟು ಈ ವಾರವೇ ಮಾಡಿಕೊಡಿ" ಅಂದಾಗ ಶನಿವಾರ ಹೋಗಿ ಮಾಡಿಕೊಟ್ಟೆ. ಬಿಲ್ ಕಳಿಸಿದೆ. ಪರ್ಚೇಸ್ ಆರ್ಡರ್ (ಪಿಒ) ನಂಬರ್ ಎಲ್ಲಿ ಅಂತ ವಾಪಸ್ ಬಂತು. ಪ್ರಿನ್ಸಿಪಾಲ್ ಕ್ಷಮೆ ಕೇಳಿದರು, ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ದುಡ್ಡು ಮಾತ್ರ ಬರಲಿಲ್ಲ. ಸಿಟ್ಟು ಬಂದಿದ್ದು ಅವರ ಮೇಲಲ್ಲ, ನನ್ನ ಮೇಲೆ. ಕ್ಯಾಲಿಫೋರ್ನಿಯಾ ಶಿಕ್ಷಣ ಕಾನೂನಿನ 17604ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ: ಶಾಲಾ ಬೋರ್ಡು ಒಪ್ಪುವವರೆಗೆ ಕಾಂಟ್ರ್ಯಾಕ್ಟ್ ಕಾಂಟ್ರ್ಯಾಕ್ಟೇ ಅಲ್ಲ. ಪಿಒ ಕೈಗೆ ಬರುವ ತನಕ ಸ್ಕ್ರೂಡ್ರೈವರ್ ಹೊರಗೆ ತೆಗೆಯಬೇಡಿ, ಯಾರು ಎಷ್ಟೇ ಬೇಡಿಕೊಂಡರೂ.

ಹಾಗಾದರೆ ಪಿಒ ಹೇಗೆ ಸಿಗುತ್ತದೆ? ಕೆಲಸದ ಗಾತ್ರ ನೋಡಿ. ಸಾಮಾನು, ಸರ್ವಿಸ್ ಇಂಥದ್ದಕ್ಕೆ 2025ರ ಮಿತಿ 1,14,800 ಡಾಲರ್ ಇತ್ತು. ಅದು ವರ್ಷವರ್ಷ ಬದಲಾಗುತ್ತದೆ. ಅದಕ್ಕಿಂತ ಕೆಳಗೆ ಸಾಮಾನ್ಯವಾಗಿ ಎರಡು ಮೂರು ಕಡೆ ಕೊಟೇಶನ್ ತೆಗೆದುಕೊಂಡು ಮುಗಿಸುತ್ತಾರೆ, ಮೇಲಾದರೆ ಬಿಡ್ ಕರೆಯಲೇಬೇಕು. ಕಟ್ಟಡಕ್ಕೆ ಸಂಬಂಧಿಸಿದ ಕೆಲಸಕ್ಕೆ ಮಿತಿ ಬರೀ 15,000. ಆದರೆ ತುಂಬ ಡಿಸ್ಟ್ರಿಕ್ಟ್‌ಗಳು ರಾಜ್ಯದ ಏಕರೂಪ ಲೆಕ್ಕದ ಕಾಯಿದೆ ಒಪ್ಪಿಕೊಂಡಿವೆ. ಅಲ್ಲಿ 2025ರಿಂದ 75,000ದವರೆಗೆ ನೇರ ಕೊಡಬಹುದು, 2,20,000ದವರೆಗೆ ಸರಳ ಬಿಡ್ ಸಾಕು. ಅಂಥ ಡಿಸ್ಟ್ರಿಕ್ಟ್‌ಗಳು ಗುತ್ತಿಗೆದಾರರ ಪಟ್ಟಿ ಇಟ್ಟಿರುತ್ತವೆ, ಪ್ರತಿ ನವೆಂಬರ್‌ನಲ್ಲಿ ಹೆಸರು ಕರೆಯುತ್ತವೆ. ಆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ನೀವು ಇದ್ದೀರಿ ಅಂತಲೇ ಅವರಿಗೆ ಗೊತ್ತಿಲ್ಲ. ಊರಲ್ಲಿ ಟೆಂಡರ್ ಇಲ್ಲದೆ ಕೆಲಸ ಕೊಟ್ಟರೆ '4ಜಿ ವಿನಾಯಿತಿ' ಅಂತ ಪೇಪರಿನಲ್ಲಿ ಗಲಾಟೆ ಆಗುತ್ತದಲ್ಲ, ಆ ಅನುಮಾನವನ್ನು ಇಲ್ಲಿಗೆ ತರಬೇಡಿ. ಇದು ನೆಟ್ಟಗಿನ ದಾರಿ, ಸಣ್ಣವರಿಗೂ ಸಿಗುವ ದಾರಿ. ಬೇಸಿಗೆ ರಜೆಯಲ್ಲಿ ಇಂಥ ಕೆಲಸ ಜಾಸ್ತಿ, ಮಕ್ಕಳೂ ಇರುವುದಿಲ್ಲ.

ನಮ್ಮಂಥ ಕೇಬಲ್‌ನವರಿಗೆ ದೊಡ್ಡ ಬಾಗಿಲು ಇ-ರೇಟ್. ನಿಮ್ಮ ಫೋನ್ ಬಿಲ್ಲಿನಲ್ಲಿ ಯೂನಿವರ್ಸಲ್ ಸರ್ವಿಸ್ ಅಂತ ಒಂದು ಸಾಲು ಕಾಣುತ್ತದಲ್ಲ, ಅಲ್ಲಿಂದ ಬರುವ ದುಡ್ಡು ಇದು. 1996ರ ಟೆಲಿಕಾಂ ಕಾನೂನಿನಿಂದ ಹುಟ್ಟಿದ್ದು, ಯುಸ್ಯಾಕ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಬಡ ಮಕ್ಕಳು ಹೆಚ್ಚಿರುವ ಶಾಲೆಗೆ ಹೆಚ್ಚು ರಿಯಾಯಿತಿ. ಶಾಲೆಯೊಳಗಿನ ವೈಫೈ ಕೆಲಸಕ್ಕಾದರೆ ಗರಿಷ್ಠ 85 ಶೇಕಡಾ. ಡಿಸ್ಟ್ರಿಕ್ಟ್ ಫಾರ್ಮ್ 470 ಹಾಕಿ ತನಗೆ ಏನು ಬೇಕು ಅಂತ ಎಲ್ಲರಿಗೂ ಕಾಣುವ ಹಾಗೆ ಹೇಳಬೇಕು, ಕನಿಷ್ಠ 28 ದಿನ ಕಾಯಬೇಕು, ಆಮೇಲೆ ಆರಿಸಬೇಕು. ಆರಿಸುವಾಗ ಎಲ್ಲಕ್ಕಿಂತ ಹೆಚ್ಚು ಅಂಕ ಬೆಲೆಗೇ. ನಿಮ್ಮ ಕೌಂಟಿಯ ಫಾರ್ಮ್ 470ಗಳನ್ನು ಮನೆಯಲ್ಲೇ ಕೂತು ಹುಡುಕಬಹುದು.

ಒಳ್ಳೆತನ ಕೈಕೊಡುವುದು ಇಲ್ಲೇ. ನಮ್ಮ ಪರಿಚಯದವರೊಬ್ಬರು ಶಾಲೆಯ ಟೆಕ್ನಾಲಜಿ ಮ್ಯಾನೇಜರ್‌ಗೆ "ನಿಮಗ್ಯಾಕೆ ಕಷ್ಟ, ಏನೇನು ಬೇಕು ಅಂತ ನಾನೇ ಬರೆದುಕೊಡುತ್ತೇನೆ" ಅಂದರು. ಬರೆದೂ ಕೊಟ್ಟರು. ಬಿಡ್ ಹಾಕುವವರು ಫಾರ್ಮ್ 470 ಬರೆಯಲು ನೆರವಾಗುವ ಹಾಗೇ ಇಲ್ಲ. ಆ ಡಿಸ್ಟ್ರಿಕ್ಟಿನ ರಿಯಾಯಿತಿಯೇ ಹೋಯಿತು, ಅವರ ಹೆಸರೂ ಕೆಟ್ಟಿತು. ಇನ್ನೊಂದು ಇದಕ್ಕಿಂತ ಒಳ್ಳೆ ಮನಸ್ಸಿನ ತಪ್ಪು: "ನನ್ನ ಮಗಳು ಓದೋ ಶಾಲೆ, ಉಳಿದ 15 ಪರ್ಸೆಂಟ್ ನೀವು ಕೊಡೋದೇ ಬೇಡ, ಬಿಡಿ." ಊರಲ್ಲಾದರೆ ಇಂಥವರಿಗೆ ಶಾಲ್ ಹೊದಿಸಿ ಸನ್ಮಾನ ಮಾಡುತ್ತಿದ್ದರು. ಇಲ್ಲಿ ಅದು ನಿಯಮ ಮುರಿದ ಹಾಗೆ. ಶಾಲೆ ತನ್ನ ಪಾಲು ಕೊಡಲೇಬೇಕು, ನೀವು ತೆಗೆದುಕೊಳ್ಳಲೇಬೇಕು. ಶಾಲೆಗೆ ಕೈಯಿಂದ ದುಡ್ಡು ಹೋಗದಿದ್ದರೆ ಬೇಡದ ಸಾಮಾನನ್ನೂ ತರಿಸುತ್ತದೆ ಅನ್ನುವುದು ಅದರ ಹಿಂದಿನ ಲೆಕ್ಕ. ಯೋಚಿಸಿದರೆ ಸರಿಯೇ ಅನಿಸುತ್ತದೆ.

ಇನ್ನು ಎಳ್ಳುಬೆಲ್ಲ. ಇ-ರೇಟ್ ಅರ್ಜಿಯ ಕೊನೇ ಗಡಿಬಿಡಿ ಜನವರಿಯಿಂದ ಮಾರ್ಚ್ ತನಕ. ಸಂಕ್ರಾಂತಿ ಬರುವುದೂ ಆಗಲೇ. ನಮ್ಮ ಮನೆಯಲ್ಲಿ ಕೊಬ್ಬರಿ ಹೆಚ್ಚಿ, ಕಡ್ಲೆಕಾಯಿ ಹುರಿದು ಸಿಪ್ಪೆ ಊದಿ, ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಗುರುತಿನವರಿಗೆಲ್ಲ ಹಂಚುವುದು ವಾಡಿಕೆ. ಜೊತೆಗೆ ಊರಿಂದ ತರಿಸಿದ ಸಕ್ಕರೆ ಅಚ್ಚು. ಒಂದು ವರ್ಷ ಹೆಂಡತಿ ಪರ್ಚೇಸಿಂಗ್ ಕಚೇರಿಗೂ ಒಂದು ಪೊಟ್ಟಣ ಕೊಟ್ಟು ಬಂದಳು. ಅಲ್ಲಿನ ಹೆಂಗಸು ಅದನ್ನು ಬಿಚ್ಚದೆ, ಮೇಲೆ ಒಂದು ಚೀಟಿ ಅಂಟಿಸಿ ವಾಪಸ್ ಕಳಿಸಿದರು: ತುಂಬ ಚೆನ್ನಾಗಿದೆ, ಆದರೆ ನಿಮ್ಮ ಬಿಡ್ ನಮ್ಮ ಮೇಜಿನ ಮೇಲಿದೆ. ಇ-ರೇಟ್ ನಿಯಮದಲ್ಲಿ ಒಂದು ವಸ್ತು 20 ಡಾಲರ್ ಮೀರಬಾರದು, ಒಂದು ಕಂಪನಿಯಿಂದ ಒಬ್ಬರಿಗೆ ಫಂಡಿಂಗ್ ವರ್ಷಕ್ಕೆ ಒಟ್ಟು 50 ದಾಟಬಾರದು. ಪೊಟ್ಟಣ ಆ ಲೆಕ್ಕದಲ್ಲಿ ಪಾಸಾಗುತ್ತಿತ್ತು. ಆದರೆ ಡಿಸ್ಟ್ರಿಕ್ಟ್ ತನ್ನದೇ ನಿಯಮ ಇನ್ನೂ ಬಿಗಿ ಮಾಡಿಕೊಳ್ಳಬಹುದು, ಇವರದ್ದು ಬಿಗಿ. ದೀಪಾವಳಿಗೆ ಡ್ರೈಫ್ರೂಟ್ ಡಬ್ಬ ಕೊಡುವವರಂತೂ ಕೈ ಕಟ್ಟಿಕೊಂಡು ಕೂರುವುದೇ ಕ್ಷೇಮ.

ಹೆಂಡತಿಗೆ ಬಹಳ ದಿನ ಬೇಜಾರಿತ್ತು. ನನಗೂ. ಎಳ್ಳು ಬೀರುವುದರಲ್ಲಿ ಲಂಚ ಎಲ್ಲಿಂದ ಬಂತು? ಆದರೆ ಊರನ್ನೂ ನೆನೆಸಿಕೊಂಡೆ. ನಮ್ಮ ಮೇಷ್ಟ್ರು ಮನೆಗೆ ಬಂದು ಕಾಫಿ ಕುಡಿದು, ಒಂದು ಚೀಲ ಅವರೆಕಾಯಿ ಹೊತ್ತು ಹೋಗುತ್ತಿದ್ದರು, ಅದು ಪ್ರೀತಿ. ಶಾಲೆಯ ಸುಣ್ಣಬಣ್ಣದ ಕೆಲಸ ಪ್ರತಿ ಸಲವೂ ಗೌಡರ ಅಳಿಯನಿಗೇ ಹೋಗುತ್ತಿದ್ದದ್ದೂ ಅದೇ ಕಾಫಿ, ಅದೇ ಅವರೆಕಾಯಿಯ ದೆಸೆಯಿಂದಲೇ. ಹೊಸದಾಗಿ ಬಂದು, ಯಾರ ಅಳಿಯನೂ ಅಲ್ಲದ ನನಗೆ ಇಲ್ಲಿ ಕೆಲಸ ಸಿಕ್ಕಿದ್ದು ಆ ಹೆಂಗಸು ಪೊಟ್ಟಣ ವಾಪಸ್ ಕಳಿಸುವಂಥವರು ಆದ್ದರಿಂದ. ಇದು ಗೊತ್ತಿದ್ದೂ, ಇಷ್ಟು ವರ್ಷದಲ್ಲಿ ಆ ಕಚೇರಿಯವರು ಒಬ್ಬರೂ ನಮ್ಮ ಮನೆಯಲ್ಲಿ ಒಂದು ತುತ್ತು ಉಂಡಿಲ್ಲ ಅನ್ನುವುದು ಚುಚ್ಚುತ್ತದೆ. ಮಗಳಿಗೆ ಇದರಲ್ಲಿ ಚುಚ್ಚುವಂಥದ್ದು ಏನಿದೆ ಅಂತ ಅರ್ಥವೇ ಆಗುವುದಿಲ್ಲ. "ಅವರು ಆಫೀಸಲ್ಲಿ ಕೆಲಸ ಮಾಡ್ತಾರೆ ಅಪ್ಪಾ, ಫ್ರೆಂಡ್ಸ್ ಅಲ್ವಲ್ಲ" ಅನ್ನುತ್ತಾಳೆ. ಅವಳು ಇಲ್ಲಿಯವಳು.

ಮನೆಗೆ ಕರೆಯಲಾಗದಿದ್ದರೆ ನಾವೇ ಹೋಗಬಹುದು, ಬೋರ್ಡ್ ಮೀಟಿಂಗಿಗೆ. ಯಾರು ಬೇಕಾದರೂ ಕೂರಬಹುದು. ಮಾಮೂಲಿ ಮೀಟಿಂಗಿನ ಅಜೆಂಡಾ 72 ಗಂಟೆ ಮೊದಲೇ ಹೊರಗೆ ಹಾಕುತ್ತಾರೆ. ಅದರಲ್ಲಿ ಕನ್ಸೆಂಟ್ ಅಜೆಂಡಾ ಅಂತ ಒಂದು ಭಾಗ, ಚರ್ಚೆಯಿಲ್ಲದೆ ಒಟ್ಟಿಗೇ ಪಾಸ್ ಮಾಡುವ ಪಟ್ಟಿ. ಎಲ್ಲರೂ ಅದನ್ನು ದಾಟಿಕೊಂಡು ಹೋಗುತ್ತಾರೆ. ನೀವು ಅದನ್ನೇ ಓದಿ. ಯಾವ ಕಂಪನಿಗೆ, ಯಾವ ಕೆಲಸಕ್ಕೆ, ಎಷ್ಟು ದುಡ್ಡು, ಎಲ್ಲಾ ಇರುತ್ತದೆ. ಗೆದ್ದವರ ಹಳೆಯ ಬಿಡ್ ಬೇಕಾದರೆ ಪಬ್ಲಿಕ್ ರೆಕಾರ್ಡ್ಸ್ ಕಾನೂನಿನಲ್ಲಿ ಕೇಳಿ. ನಮ್ಮ ಆರ್‌ಟಿಐ ಇದ್ದ ಹಾಗೆ. ಅಲ್ಲಿ 30 ದಿನ, ಇಲ್ಲಿ ಕೊಡುತ್ತೇವೋ ಇಲ್ಲವೋ ಅಂತ 10 ದಿನದಲ್ಲಿ ತಿಳಿಸಬೇಕು.

ಜಾಬ್ ವಾಕ್, ಅಂದರೆ ಬಿಡ್‌ಗೆ ಮೊದಲು ಕೆಲಸದ ಜಾಗ ತೋರಿಸುವ ಸುತ್ತು, ಕಡ್ಡಾಯ ಅಂತ ಬರೆದಿದ್ದರೆ ಕಡ್ಡಾಯವೇ. ಐದು ನಿಮಿಷ ತಡವಾದರೆ ಸಹಿ ಹಾಕಿಸಿಕೊಳ್ಳುವುದಿಲ್ಲ, ಆ ಬಿಡ್ ನಿಮ್ಮದಲ್ಲ. ಬಿಡ್ ಎರಡು ಗಂಟೆಯೊಳಗೆ ಅಂದರೆ ಎರಡು ಗಂಟೆ ಒಂದು ನಿಮಿಷಕ್ಕೆ ಕೊಟ್ಟ ಲಕೋಟೆ ಒಡೆಯದೆ ವಾಪಸ್. ನಡುವೆ ಬಿಡ್ ಕಾಗದಗಳಿಗೆ ತಿದ್ದುಪಡಿ ಬಂದಿದ್ದರೆ ಪ್ರತಿಯೊಂದಕ್ಕೂ ನೋಡಿದ್ದೇನೆ ಅಂತ ಸಹಿ ಬೇಕು. ಅದೊಂದು ಬಿಟ್ಟುಹೋಗಿ ಎಲ್ಲರಿಗಿಂತ ಕಡಿಮೆ ದರದ ಬಿಡ್ ತಿರಸ್ಕಾರವಾದದ್ದನ್ನು ನೋಡಿದ್ದೇನೆ. ಕೂಲಿಯನ್ನು ರಾಜ್ಯ ನಿಗದಿ ಮಾಡಿದ ದರದಲ್ಲೇ ಲೆಕ್ಕ ಹಾಕಿ, 1,000 ಡಾಲರ್ ಮೀರಿದ ಕೆಲಸಕ್ಕೆಲ್ಲ ಅದೇ. ಭಾವಮೈದ ಬಂದು ಕೈ ಜೋಡಿಸುತ್ತಾನೆ ಅನ್ನುವ ಲೆಕ್ಕ ಇಲ್ಲಿ ಓಡುವುದಿಲ್ಲ. ಬಿಲ್ಲಿನಲ್ಲಿ ಸಾಮಾನ್ಯವಾಗಿ 5 ಶೇಕಡಾ ಕೊನೆಯವರೆಗೆ ಹಿಡಿದಿಟ್ಟುಕೊಳ್ಳುತ್ತಾರೆ. ನಿಮ್ಮ ಲಾಭ ಎಷ್ಟೋ ಸಲ ಅಷ್ಟೇ ಇರುತ್ತದೆ, ಕೈಯಲ್ಲಿ ದುಡ್ಡಿಟ್ಟುಕೊಂಡೇ ಇಳಿಯಿರಿ.

ಜಾಬ್ ವಾಕ್‌ನಲ್ಲಿ ಸಹಿ ಹಾಕುವ ಹಾಳೆಯನ್ನು ಸರಿಯಾಗಿ ನೋಡಿಕೊಳ್ಳಿ. ದೊಡ್ಡ ಗುತ್ತಿಗೆದಾರರ ಹೆಸರೆಲ್ಲ ಅಲ್ಲೇ ಇರುತ್ತದೆ. ನೀವು ಬಿಡ್ ಹಾಕದಿದ್ದರೂ ಅವರ ಕೆಳಗೆ ಕೇಬಲ್ ಕೆಲಸ ಹಿಡಿಯಬಹುದು. ಆದರೆ ಅವತ್ತೇ ಫೋನ್ ಮಾಡಿ, ದರ ಕೊಡಿ. ತಮ್ಮ ಬಿಡ್ಡಿನ ಅರ್ಧ ಶೇಕಡಾ ಮೀರಿದ ಕೆಲಸ ಮಾಡುವ ಉಪಗುತ್ತಿಗೆದಾರರ ಹೆಸರನ್ನು ಅವರು ಬಿಡ್ ಜೊತೆಗೇ ಬರೆದುಕೊಡಬೇಕು, ಗೆದ್ದ ಮೇಲೆ ಕೇಳಿದರೆ ಸೇರಿಸಿಕೊಳ್ಳಲು ಅವರಿಗೂ ಆಗುವುದಿಲ್ಲ. ಫೋನ್ ಎತ್ತಲು ಸಂಕೋಚ ಪಡುವವರು ನಮ್ಮಲ್ಲೇ ಜಾಸ್ತಿ.