ಆಸ್ಪತ್ರೆಯಲ್ಲಿ ಅಜ್ಜ ಅಜ್ಜಿಯ ನಿದ್ದೆ ಕಾಯುವುದು ಹೇಗೆ: ಜೊತೆಗೆ ನಿಲ್ಲುವವರಿಗೆ

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ಆಸ್ಪತ್ರೆಯ ವಾರ್ಡಿನಲ್ಲಿ ಮಾಡುವಷ್ಟು ಹಾನಿ ಬೇರೆಲ್ಲೂ ಮಾಡುವುದಿಲ್ಲ. ಮೊನ್ನೆಯವರೆಗೂ ತೋಟದ ಆಳುಲೆಕ್ಕ ಬಾಯಲ್ಲೇ ಹೇಳುತ್ತಿದ್ದ ಅಜ್ಜಿ ಅಂಗಳದ ಪಾಚಿಗೆ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಆಪರೇಷನ್ ಆದ ಎರಡನೇ ರಾತ್ರಿ ಡ್ರಿಪ್ ಟ್ಯೂಬ್ ಕಿತ್ತು 'ಹಟ್ಟಿ ಬಾಗಿಲು ತೆಗಿ' ಎಂದು ಕೂಗುತ್ತಾರೆ. ಅದು ಅರಳು ಮರಳಲ್ಲ, ಡೆಲಿರಿಯಮ್, ಅಂದರೆ ದಿಢೀರನೆ ಬರುವ ಬುದ್ಧಿಯ ಗಲಿಬಿಲಿ. ಹಳಬರು ಸನ್ನಿ ಎನ್ನುತ್ತಿದ್ದದ್ದು ಹೆಚ್ಚುಕಡಿಮೆ ಇದನ್ನೇ. ಮರೆವಿನ ಕಾಯಿಲೆ ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ. ಇದು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ಬರುತ್ತದೆ. ಬೆಳಿಗ್ಗೆ ಸರಿಹೋದಂತೆ ಕಂಡು ಸಂಜೆಗೆ ಮತ್ತೆ ಕೆಡುತ್ತದೆ.

ಸೋಂಕು, ನೋವು, ನೀರಿನಂಶದ ಕೊರತೆ, ಕೆಲವು ಔಷಧಿ, ಮಲಮೂತ್ರ ಕಟ್ಟಿಕೊಳ್ಳುವುದು ಎಲ್ಲವೂ ಇದಕ್ಕೆ ಕಾರಣವಾಗಬಲ್ಲವು. ಇವುಗಳ ಜೊತೆ ನಿದ್ದೆಗೇಡು ಸೇರಿದರೆ ಮುಗಿಯಿತು. ಡಾಕ್ಟರು ಸೋಂಕು ನೋಡಿಕೊಳ್ಳುತ್ತಾರೆ. ನಿದ್ದೆ ನೋಡಿಕೊಳ್ಳುವ ಕೆಲಸ ಬಹುಮಟ್ಟಿಗೆ ಜೊತೆಗಿರುವ ನಿಮ್ಮದು.

ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಶರೋನ್ ಇನೋಯೆ ಮತ್ತು ಸಂಗಡಿಗರು 70 ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನ 852 ಒಳರೋಗಿಗಳ ಮೇಲೆ ನಡೆಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ನಿದ್ದೆ, ನಡಿಗೆ, ಕನ್ನಡಕ, ಶ್ರವಣಯಂತ್ರ, ನೀರು, ಮಾತುಕತೆ ಇಷ್ಟನ್ನು ಕ್ರಮವಾಗಿ ನೋಡಿಕೊಂಡವರಲ್ಲಿ ಶೇ. 9.9 ಮಂದಿಗೆ ಡೆಲಿರಿಯಮ್ ಬಂತು. ಮಾಮೂಲಿ ಆರೈಕೆಯಲ್ಲಿದ್ದವರಲ್ಲಿ ಶೇ. 15. ಆದರೆ ಒಮ್ಮೆ ಬಂದ ಮೇಲೆ ಅದರ ತೀವ್ರತೆ ಇದರಿಂದ ಕಡಿಮೆಯಾಗಲಿಲ್ಲ. ಹಾಗಾಗಿ ಮೊದಲ ರಾತ್ರಿಯಿಂದಲೇ ಶುರುಮಾಡಬೇಕು. ಬಡಬಡಿಸಲು ಶುರುವಾದ ಮೇಲೆ ನೋಡೋಣ ಎಂದು ಕೂತರೆ ತಡವಾಗಿರುತ್ತದೆ.

ಮನೆಯಿಂದ ಹೊರಡುವಾಗ

ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಾಗಲಿ, ವಿರಾಜಪೇಟೆ, ಸೋಮವಾರಪೇಟೆಯಾಗಲಿ, ಅಲ್ಲಿಂದ ಮೈಸೂರಿಗೋ ಮಂಗಳೂರಿಗೋ ಕಳಿಸಿದರಾಗಲಿ, ಆತುರದಲ್ಲಿ ಆಧಾರ್ ಕಾರ್ಡು ಮರೆಯದ ನಾವು ಕನ್ನಡಕ ಮರೆಯುತ್ತೇವೆ. ಚೀಲದಲ್ಲಿ ಇವಿರಲಿ: ಕನ್ನಡಕ, ಶ್ರವಣಯಂತ್ರ ಮತ್ತು ಅದರ ಬ್ಯಾಟರಿ, ಹಲ್ಲುಸೆಟ್ಟಿಗೆ ಹೆಸರು ಬರೆದ ಡಬ್ಬಿ, ದೊಡ್ಡ ಅಂಕಿಯ ಗಡಿಯಾರ, ಅವರು ದಿನವೂ ಹೊದೆಯುವ ಕಂಬಳಿ, ಉಣ್ಣೆ ಟೋಪಿ, ಕಾಲುಚೀಲ. ಹೊಸ ಶಾಲು ಬೇಡ, ಹಳೆಯದೇ ಇರಲಿ. ಮಳೆಗಾಲದ ಮಡಿಕೇರಿಯಲ್ಲಿ ಆಸ್ಪತ್ರೆಯ ಒಂದು ತೆಳು ಬ್ಲಾಂಕೆಟ್ ಸಾಲದು, ಚಳಿಗೇ ಎಚ್ಚರವಾಗುತ್ತದೆ.

ಅಡ್ಮಿಟ್ ಮಾಡುವಾಗಲೇ ಸಂಕೋಚ ಬಿಟ್ಟು ಹೇಳಬೇಕಾದ ಎರಡು ವಿಷಯಗಳಿವೆ. ಒಂದು, ರಾತ್ರಿಯ ಪೆಗ್ಗು. ಮಿಲಿಟರಿಯಿಂದ ನಿವೃತ್ತರಾಗಿ ಕ್ಯಾಂಟೀನ್ ರಮ್ಮನ್ನು ಮೂವತ್ತು ವರ್ಷದಿಂದ ನಿಯಮದಂತೆ ತೆಗೆದುಕೊಳ್ಳುವ ಅಜ್ಜಂದಿರು ನಮ್ಮಲ್ಲಿ ಕಡಿಮೆಯೇನಿಲ್ಲ. ಅದು ಒಮ್ಮೆಲೇ ನಿಂತರೆ ಎರಡರಿಂದ ನಾಲ್ಕನೇ ದಿನದೊಳಗೆ ಕೈನಡುಕ, ಬೆವರು, ಭ್ರಮೆ ಸಮೇತ ಬೇರೆಯದೇ ಡೆಲಿರಿಯಮ್ ಬರಬಹುದು. ಅದು ಜೀವಕ್ಕೆ ಅಪಾಯ, ಚಿಕಿತ್ಸೆಯೂ ಬೇರೆ. ಎಷ್ಟು ಪೆಗ್ಗು, ಕೊನೆಯದು ಯಾವಾಗ ಎಂದು ಸರಿಯಾಗಿ ಹೇಳಿ. ಮಗಳ ಎದುರು ಅಜ್ಜ 'ಎಲ್ಲೋ ಅಪರೂಪಕ್ಕೆ' ಎಂದರೆ ನೀವು ಡಾಕ್ಟರನ್ನು ಹೊರಗೆ ಕಂಡು ನಿಜ ಹೇಳಿ. ಎರಡು, ಮನೆಯಲ್ಲಿ ದಿನವೂ ನುಂಗುತ್ತಿದ್ದ ನಿದ್ದೆ ಮಾತ್ರೆ. ಅದನ್ನೂ ಹಠಾತ್ತನೆ ನಿಲ್ಲಿಸುವಂತಿಲ್ಲ. ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೇ ಒಯ್ದು ತೋರಿಸುವುದು ಒಳ್ಳೆಯದು.

ರಾತ್ರಿಯ ನಿದ್ದೆ ಶುರುವಾಗುವುದು ಬೆಳಿಗ್ಗೆ

ಹಗಲಿಡೀ ಮಂಚದಲ್ಲಿ ಮಲಗಿ ಮಂಪರಿನಲ್ಲಿದ್ದವರಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಬೆಳಿಗ್ಗೆ ಏಳರೊಳಗೆ ಪರದೆ ಸರಿಸಿ. ಮಿದುಳಿನೊಳಗಿನ ಗಡಿಯಾರಕ್ಕೆ ಬೆಳಕೇ ಕೀಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಿಸಿಲೇ ಇರುವುದಿಲ್ಲವಲ್ಲ ಎನ್ನಬಹುದು. ಮೋಡ ಕವಿದ ಆಕಾಶದ ಬೆಳಕು ಕೂಡ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಹೆಚ್ಚು. ಒಳಗಿದ್ದಾಗ ಕಣ್ಣಿಗೆ ಹಾಗನ್ನಿಸುವುದಿಲ್ಲ ಅಷ್ಟೆ. ಕುರ್ಚಿಯನ್ನು ಕಿಟಕಿ ಪಕ್ಕ ಎಳೆದು, ಶೀತಗಾಳಿಗೆ ಕಿಟಕಿ ಮುಚ್ಚಿ, ಅಲ್ಲೇ ಕೂರಿಸಿ ತಿಂಡಿ ಕೊಡಿ.

ಮೂರು ಹೊತ್ತಿನ ಊಟವೂ ಕುರ್ಚಿಯಲ್ಲಾಗಲಿ. ದಿನಕ್ಕೆ ಮೂರು ಸಲ ನಡೆಸಿ. ಬಾಗಿಲವರೆಗೆ ಹೋಗಿ ಬಂದರೂ ಆಯಿತು. ಆಪರೇಷನ್ ಆದವರಿಗೆ ಎಷ್ಟು ಭಾರ ಹಾಕಬಹುದೆಂದು ಮೊದಲು ಕೇಳಿಕೊಳ್ಳಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ, ಅದೂ ಮೂರು ಗಂಟೆಯೊಳಗೆ. 'ಪಾಪ, ರಾತ್ರಿ ನಿದ್ದೆ ಇರಲಿಲ್ಲ, ಮಲಗಲಿ' ಎಂದು ಐದರವರೆಗೆ ಬಿಟ್ಟರೆ ಆ ರಾತ್ರಿಯೂ ಹೋಯಿತು.

ಎಚ್ಚರವಿದ್ದಾಗ ಮಾತಾಡಿಸಿ. ಬರೀ 'ಇವತ್ತು ಯಾವ ವಾರ ಹೇಳಿ' ಎಂದು ಪರೀಕ್ಷೆ ಮಾಡಿದರೆ ಯಾರಿಗಾದರೂ ರೇಗುತ್ತದೆ. 'ಕಕ್ಕಡ ತಿಂಗಳು ಮುಗಿಯಲು ಇನ್ನೆಷ್ಟು ದಿನ?', 'ಈ ಸಲ ಹುತ್ತರಿ ಹಬ್ಬಕ್ಕೆ ಗದ್ದೆ ನಾಟಿ ಸಾಕಾದೀತೆ?' ಎಂದು ಮಾತು ತೆಗೆದರೆ ದಿನ, ತಿಂಗಳು, ಊರು ಎಲ್ಲವೂ ತಾನಾಗಿ ಬರುತ್ತವೆ. ಭಾಷೆಯ ಮಾತೂ ಇದೆ. ಗಲಿಬಿಲಿಯಾದಾಗ ವಯಸ್ಸಾದವರು ಚಿಕ್ಕಂದಿನ ಭಾಷೆಗೆ ಜಾರುತ್ತಾರೆ. ಅಜ್ಜಿ ಕೊಡವ ತಕ್ಕಲ್ಲೋ ಅರೆಭಾಷೆಯಲ್ಲೋ ಯರವ ಭಾಷೆಯಲ್ಲೋ ನೀರು ಕೇಳುತ್ತಿದ್ದರೆ, ಆ ಭಾಷೆ ಬಾರದ ಸಿಸ್ಟರಿಗೆ ಅದು ಬಡಬಡಿಕೆಯಂತೆ ಕೇಳಬಹುದು. ನೀರು, ನೋವು, ಮೂತ್ರ, ಚಳಿ ಈ ನಾಲ್ಕಕ್ಕೆ ಅವರು ಬಳಸುವ ಪದಗಳನ್ನು ಒಂದು ಚೀಟಿಯಲ್ಲಿ ಕನ್ನಡ ಅರ್ಥದೊಡನೆ ಬರೆದು ತಲೆದಿಂಬಿನ ಮೇಲಿನ ಗೋಡೆಗೆ ಅಂಟಿಸಿ.

ಕಾಫಿಯನ್ನು ಪೂರ್ತಿ ಬಿಡಿಸಬೇಡಿ. ಅರವತ್ತು ವರ್ಷ ಕುಡಿದವರಿಗೆ ತಲೆನೋವು ಬಂದು ಇನ್ನೊಂದು ತೊಂದರೆಯಾಗುತ್ತದೆ. ಆದರೆ ಮಧ್ಯಾಹ್ನ ಎರಡರ ನಂತರ ಬೇಡ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಮುದುಕರಲ್ಲಿ ಇನ್ನೂ ತಡವಾಗಬಹುದು. ನಮ್ಮ ತೋಟಗಳಲ್ಲಿ ಹೆಚ್ಚಾಗಿರುವ ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಸಂಜೆ ನೋಡಲು ಬಂದವರು ಪ್ರೀತಿಯಿಂದ ಫ್ಲಾಸ್ಕಿನಲ್ಲಿ ತರುವ ಬೆಲ್ಲದ ಕಾಫಿಯನ್ನು ನೀವೇ ಕುಡಿದು ಮುಗಿಸಿ. ರಾತ್ರಿ ಎಚ್ಚರವಿರಬೇಕಾದವರು ನೀವು ತಾನೆ.

ರೌಂಡ್ಸಿನಲ್ಲಿ ಕೇಳಬೇಕಾದ್ದು

ನಡುರಾತ್ರಿ ಎಬ್ಬಿಸುವುದು ಎಷ್ಟೋ ಸಲ ಕೇಸ್ ಶೀಟಿನಲ್ಲಿ ಬರೆದದ್ದರಿಂದಲೇ ಆಗುತ್ತದೆ. ಬೆಳಗಿನ ರೌಂಡ್ಸಿನಲ್ಲಿ ಮರ್ಯಾದೆಯಿಂದ ಕೇಳಿದರೆ ಹೆಚ್ಚಿನ ಡಾಕ್ಟರುಗಳು ಬದಲಾಯಿಸುತ್ತಾರೆ. ಮೂತ್ರ ಹೋಗಿಸುವ ಫ್ರೂಸೆಮೈಡ್‌ನಂಥ ಮಾತ್ರೆಯ ಎರಡನೇ ಡೋಸನ್ನು ರಾತ್ರಿಯ ಬದಲು ಮಧ್ಯಾಹ್ನವೇ ಕೊಡಬಹುದೇ? ಸ್ಟೀರಾಯ್ಡ್ ಇದ್ದರೆ ಬೆಳಿಗ್ಗೆಗೆ ಹಾಕಬಹುದೇ? ರಾತ್ರಿಯಿಡೀ ಹನಿಯುವ ಡ್ರಿಪ್ಪನ್ನು ಹತ್ತರೊಳಗೆ ಮುಗಿಸಬಹುದೇ? ಸ್ಥಿರವಾಗಿರುವ ರೋಗಿಗೆ ನಡುರಾತ್ರಿ ಎರಡು ಗಂಟೆಯ ಬಿಪಿ, ಟೆಂಪರೇಚರ್ ಬಿಟ್ಟು ರಾತ್ರಿ ಹತ್ತಕ್ಕೆ, ಬೆಳಿಗ್ಗೆ ಆರಕ್ಕೆ ನೋಡಿದರೆ ಸಾಕೇ? ಮೂತ್ರದ ಪೈಪು ಇವತ್ತೂ ಬೇಕೇ? ಈ ಕೊನೆಯದನ್ನು ದಿನವೂ ಕೇಳಿ. 'ಬೇಡ, ಈಗ ಇವರನ್ನು ಗಮನಿಸಲೇಬೇಕು' ಎಂದರೆ ಅದಕ್ಕೂ ಕಾರಣವಿರುತ್ತದೆ, ಒತ್ತಾಯ ಬೇಡ. ನೀವಾಗಿ ಡ್ರಿಪ್ ನಿಲ್ಲಿಸುವುದು, ಮಾತ್ರೆಯ ಹೊತ್ತು ಬದಲಿಸುವುದು ಎಂದಿಗೂ ಸಲ್ಲದು.

ನೋವಿನ ಮಾತ್ರೆಯನ್ನು 'ಕೇಳಿದರೆ ಕೊಡಿ' ಎಂದು ಬರೆದಿದ್ದರೆ ಹೊತ್ತು ಹೊತ್ತಿಗೆ ಕೊಡುವಂತೆ ಮಾಡಬಹುದೇ ಎಂದು ವಿಚಾರಿಸಿ. ನಮ್ಮ ಹಿರಿಯರು ಹಲ್ಲು ಕಚ್ಚಿ ಸಹಿಸುತ್ತಾರೆಯೇ ಹೊರತು ಕೇಳುವುದಿಲ್ಲ. ಮಲಗಿದಲ್ಲೇ ಮುಖ ಸಿಂಡರಿಸುವುದು, ಮುಟ್ಟಿದರೆ ಕೈ ತಳ್ಳುವುದು ನೋವಿನ ಗುರುತು.

ಇನ್ನು ನಿದ್ದೆ ಮಾತ್ರೆ. 'ಸಿಸ್ಟರ್, ಏನಾದರೂ ಕೊಟ್ಟು ಮಲಗಿಸಿ' ಎನ್ನುವವರು ಸಾಮಾನ್ಯವಾಗಿ ನಾವೇ. ಆಲ್ಪ್ರಜೋಲಾಮ್, ಡಯಾಜೆಪಾಮ್, ಲೋರಾಜೆಪಾಮ್ ವಯಸ್ಸಾದವರಲ್ಲಿ ಡೆಲಿರಿಯಮ್ಮನ್ನೂ ಬೀಳುವುದನ್ನೂ ಹೆಚ್ಚಿಸುತ್ತವೆ. (ಕುಡಿತ ನಿಂತು ಬರುವ ಡೆಲಿರಿಯಮ್ಮಿನ ಮಾತು ಬೇರೆ, ಅಲ್ಲಿ ಇವೇ ಔಷಧಿ.) ಶೀತದ ಸಿರಪ್ಪಿನಲ್ಲಿರುವ ಕ್ಲೋರ್‌ಫೆನಿರಮಿನ್, ಅಲರ್ಜಿಗೆ ಕೊಡುವ ಪ್ರೊಮೆಥಜೀನ್ ಕೂಡ ಹಾಗೆಯೇ, ಇವು ಬಾಯಿ ಒಣಗಿಸಿ, ಮೂತ್ರ ಕಟ್ಟಿಸಿ, ತಲೆ ಮಂಕು ಮಾಡುತ್ತವೆ. ಹೊರಗಿನ ಮೆಡಿಕಲ್‌ನಿಂದ ಕೆಮ್ಮಿನ ಔಷಧಿ ತಂದು ಒಂದು ಮುಚ್ಚಳ ಕುಡಿಸಬೇಡಿ.

ಸಂಜೆ ಏಳರಿಂದ ಹತ್ತು

ನೋಡಲು ಬಂದವರನ್ನು ಏಳರೊಳಗೆ ಬೀಳ್ಕೊಡಿ. ಒಕ್ಕದವರೆಲ್ಲ (ಮನೆತನದವರೆಲ್ಲ) ಒಂದು ಜೀಪಿನಲ್ಲಿ ಬಂದಿದ್ದರೂ ಒಳಗೆ ಒಮ್ಮೆಗೆ ಇಬ್ಬರೇ. ಏಳೂವರೆಗೆ ಗಂಜಿಯೋ ಶಾವಿಗೆಯಂಥ ಮೆತ್ತಗಿನ ನೂಲ್‌ಪುಟ್ಟೋ ಸಾಕು. ಪಂದಿಕರಿ ಗುಣವಾಗಿ ಮನೆಗೆ ಹೋದ ಮೇಲೆ. ಎಂಟೂವರೆಗೆ ಬೆಚ್ಚಗಿನ ಹಾಲು ಸುಮಾರು 150 ಮಿಲಿ. ಸಕ್ಕರೆ ಕಾಯಿಲೆ ಇದ್ದರೆ ಸಿಹಿ ಹಾಕದೆ ಕೊಡಿ. ನೀರು ಅಳೆದು ಕೊಡಲು ಹೇಳಿದ್ದರೆ ಅದರ ಲೆಕ್ಕದೊಳಗೇ ಬರಲಿ. ಬಾಯಿಗೆ ಏನೂ ಕೊಡಬೇಡಿ ಎಂದಿದ್ದರೆ ಹಾಲೂ ಇಲ್ಲ. ಕುಡಿಸುವಾಗ ನೆಟ್ಟಗೆ ಕೂತಿರಬೇಕು, ಆಮೇಲೂ ಅರ್ಧ ಗಂಟೆ ಹಾಗೇ ಇರಬೇಕು. ಇಲ್ಲವಾದರೆ ಹಾಲು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆದೀತು. ಒಂಬತ್ತಕ್ಕೆ ಶೌಚಾಲಯಕ್ಕೆ ಕರೆದೊಯ್ದು, ಹಲ್ಲುಸೆಟ್ಟು, ಕನ್ನಡಕ, ಶ್ರವಣಯಂತ್ರ ತೆಗೆದು ಕೈಗೆಟಕುವಲ್ಲಿಡಿ.

ಆಮೇಲೆ ಬೆನ್ನು. ಯೇಲ್‌ನ ಕ್ರಮದಲ್ಲೂ ಬೆಚ್ಚಗಿನ ಪಾನೀಯ, ಬೆನ್ನು ನೀವುವುದು, ಮೆಲುಸಂಗೀತ ಈ ಮೂರು ಮಲಗುವ ಹೊತ್ತಿಗೆ ಇದ್ದವು. ಒಂದು ಮಗ್ಗುಲಿಗೆ ತಿರುಗಿಸಿ, ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಎರಡು ಹನಿ ಕೊಬ್ಬರಿ ಎಣ್ಣೆ ಸಾಕು. ಸೊಂಟದಿಂದ ಬೆನ್ನುಮೂಳೆಯ ಎರಡೂ ಪಕ್ಕ ಮೇಲಕ್ಕೆ, ಭುಜ ಸುತ್ತಿ ಪಕ್ಕೆಯಿಂದ ಕೆಳಕ್ಕೆ, ಅವರ ಉಸಿರಿನಷ್ಟು ನಿಧಾನವಾಗಿ ಐದು ನಿಮಿಷ. ಕೈಯನ್ನು ಬೆನ್ನಿನಿಂದ ಪೂರ್ತಿ ಎತ್ತಬೇಡಿ, ಎತ್ತಿ ಎತ್ತಿ ಇಟ್ಟರೆ ಪ್ರತಿ ಸಲವೂ ಬೆಚ್ಚುತ್ತಾರೆ. ಕೆಂಪಾದ ಚರ್ಮ, ಟೇಲ್‌ಬೋನ್ ಜಾಗ ಬಿಡಿ, ಅಲ್ಲಿ ತಿಕ್ಕಿದರೆ ಹುಣ್ಣಾಗುತ್ತದೆ. ಮೀನಖಂಡವನ್ನು ಒತ್ತಲೇಬೇಡಿ, ಮಲಗಿದಲ್ಲೇ ಇರುವವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತು ಮೇಲೇರಬಹುದು. ಕಾಲಿಗೆ ಕಾಲುಚೀಲ ಹಾಕಿ. ಬಿಸಿನೀರಿನ ಚೀಲ ಬೇಡ. ಸಕ್ಕರೆ ಕಾಯಿಲೆಯವರಿಗೆ ಸುಟ್ಟದ್ದೇ ಗೊತ್ತಾಗುವುದಿಲ್ಲ.

ಹತ್ತರೊಳಗೆ ತಲೆಯ ಮೇಲಿನ ದೀಪ ಆರಿಸಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಆಸ್ಪತ್ರೆಯ ಸುತ್ತ ಶಾಂತ ವಲಯವೆಂದು ಘೋಷಿಸಿದ 100 ಮೀಟರಿನಲ್ಲಿ ಸದ್ದು 40 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಸಾಧಾರಣ ಮಾತುಕತೆಯೇ ಸುಮಾರು 60. ವಾರ್ಡಿನ ಗದ್ದಲಕ್ಕೆ ಜೊತೆಗಿರುವವರ ಫೋನೂ ಒಂದು ಕಾರಣ. ನಿಮ್ಮದನ್ನು ಸೈಲೆಂಟಿಗೆ ಹಾಕಿ, ಪಕ್ಕದ ಮಂಚದವರನ್ನೂ ನಗುತ್ತಲೇ ಕೇಳಿ. ಇಯರ್‌ಪ್ಲಗ್, ಕಣ್ಣುಪಟ್ಟಿ ತಿಳಿವಿದ್ದು ಒಪ್ಪಿದವರಿಗೆ ಮಾತ್ರ. ಈಗಾಗಲೇ ಗಲಿಬಿಲಿಯಲ್ಲಿದ್ದವರ ಕಣ್ಣು ಕಿವಿ ಮುಚ್ಚಿದರೆ ಹೆದರುತ್ತಾರೆ.

ನಡುರಾತ್ರಿ ಎದ್ದು ಕೂತರೆ

ಟ್ಯೂಬ್‌ಲೈಟ್ ಹಾಕಬೇಡಿ, ಟಾರ್ಚನ್ನು ನೆಲಕ್ಕೆ ಹಿಡಿಯಿರಿ. ಅವರ ಕಣ್ಣಿನ ಮಟ್ಟಕ್ಕೆ ಬಂದು ನಿಮ್ಮ ಹೆಸರು ಹೇಳಿ, ಎಲ್ಲಿದ್ದೇವೆಂದು ಒಂದೇ ವಾಕ್ಯದಲ್ಲಿ ಹೇಳಿ. ಮೂತ್ರ, ನೋವು, ಬಾಯಾರಿಕೆ, ಚಳಿ ಇದೇ ಸರದಿಯಲ್ಲಿ ನೋಡಿ. ನೆಲ ಒದ್ದೆಯಿದೆಯೇ ಎಂದು ನೋಡದೆ ಇಳಿಸಬೇಡಿ. ತೀರಿಹೋದ ತಮ್ಮನ ಜೊತೆ ಮಾತಾಡುತ್ತಿದ್ದರೆ 'ಅವನೆಲ್ಲಿದ್ದಾನೆ, ಸತ್ತು ಹತ್ತು ವರ್ಷವಾಯಿತು' ಎಂದು ವಾದಿಸಬೇಡಿ. 'ಕಾಲ ಬಂತು' ಎಂದು ಮನೆಗೆ ಫೋನೂ ಮಾಡಬೇಡಿ. 'ತಮ್ಮನ ನೆನಪಾಯಿತಾ, ನಾನಿದ್ದೇನೆ' ಎಂದು ಕೈ ಹಿಡಿದರೆ ಸಾಕು. ಕೈ ಕಟ್ಟಿಹಾಕಿದರೆ ಹೋರಾಟ ಹೆಚ್ಚುತ್ತದೆ. ಸೂಜಿ ಕೀಳುತ್ತಾರೆಂಬ ಭಯವಿದ್ದರೆ ಅದರ ಮೇಲೆ ಬ್ಯಾಂಡೇಜ್ ಸುತ್ತಿ ಕಾಣದಂತೆ ಮಾಡಲು ಸಿಸ್ಟರನ್ನು ಕೇಳಿ.

ಕೂಗಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಕಣ್ತಪ್ಪುವುದು ಸುಮ್ಮನಾದವರು. ಹಗಲೂ ತೂಕಡಿಸುತ್ತಾ, ಕರೆದರೆ ಒಂದು ಪದ ಹೇಳಿ ಮತ್ತೆ ಕಣ್ಣು ಮುಚ್ಚುವ ಅಜ್ಜನನ್ನು ನೋಡಿ 'ಅಬ್ಬ, ಈಗ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ' ಎನ್ನುತ್ತೇವೆ. ಅದೂ ಡೆಲಿರಿಯಮ್ಮೇ ಇರಬಹುದು, ಹೆಚ್ಚು ಅಪಾಯದ್ದು. ಎಬ್ಬಿಸಿ, ವಾರಗಳ ಹೆಸರನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಿ. ನಿನ್ನೆ ಹೇಳಿದವರು ಇವತ್ತು ಎರಡಕ್ಕೇ ದಾರಿ ತಪ್ಪಿದರೆ ಡ್ಯೂಟಿ ಡಾಕ್ಟರಿಗೆ 'ನಿನ್ನೆಯಿಂದ ಇವರು ಮೊದಲಿನಂತಿಲ್ಲ' ಎಂದು ಅದೇ ಮಾತಿನಲ್ಲಿ ತಿಳಿಸಿ. ಎಬ್ಬಿಸಿದರೂ ಏಳದಿದ್ದರೆ, ಉಸಿರಾಟ ಬದಲಾದರೆ, ಜ್ವರ ಬಂದರೆ, ಒಂದು ಪಕ್ಕದ ಕೈಕಾಲು ಸೋತರೆ, ಆರೆಂಟು ಗಂಟೆ ಮೂತ್ರವೇ ಆಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಡಿಸ್ಚಾರ್ಜ್ ಆದ ಕೂಡಲೇ ಎಲ್ಲ ತಿಳಿಯಾಗುತ್ತದೆಂದು ಎಣಿಸಬೇಡಿ. ಪೂರ್ತಿ ಸರಿಹೋಗಲು ಕೆಲವರಿಗೆ ವಾರಗಳೇ ಬೇಕು. ಅಲ್ಲಿಯವರೆಗೆ ಮನೆಯಲ್ಲೂ ಇದೇ ಹೊತ್ತು, ಇದೇ ಕ್ರಮ. ಹೊರಡುವ ಮುನ್ನ ಚೀಟಿಯಲ್ಲಿ ಆಸ್ಪತ್ರೆಯಲ್ಲಿ ಹೊಸದಾಗಿ ಶುರುಮಾಡಿದ ನಿದ್ದೆ ಮಾತ್ರೆಯೇನಾದರೂ ಉಳಿದಿದೆಯೇ, ಅದನ್ನು ಯಾವ ದಿನ ನಿಲ್ಲಿಸಬೇಕು ಎಂದು ಕೇಳಿ, ಆ ತಾರೀಖನ್ನು ಅಲ್ಲೇ ಬರೆಸಿಕೊಳ್ಳಿ.